ತುಂಬಿಸಿ ಕೊಟ್ಟ ಬಟ್ಟಲು

ಬಿಷ್ಕೆಕ್ ನಗರದಲ್ಲಿ ಜಮೀರ್‌ಗೆ ಅಭಿಪ್ರಾಯವಿಲ್ಲದ ವಸ್ತು ಒಂದೂ ಇರಲಿಲ್ಲ. ಲಿಫ್ಟಿನ ಗುಂಡಿಗಳ ಬಗ್ಗೆ ಇತ್ತು. ಬಸ್ಸಿನ ಟಿಕೆಟ್ ಯಂತ್ರದ ಬಗ್ಗೆ ಇತ್ತು. ಓಶ್ ಬಜಾರಿನಲ್ಲಿ ಒಣಮೊಸರಿನ ಉಂಡೆ ಮಾರುವ ಹೆಂಗಸು ಹುಳಿ ಉಂಡೆಗಳನ್ನು ಎಡಕ್ಕೂ ಉಪ್ಪುಂಡೆಗಳನ್ನು ಬಲಕ್ಕೂ ಇಡುವುದು ಸರಿಯೇ ಎಂಬುದರ ಬಗ್ಗೆಯೂ ಇತ್ತು, ಅದನ್ನು ಅವಳಿಗೇ ಹೇಳಿ ಬೈಸಿಕೊಂಡದ್ದೂ ಇತ್ತು. ಆದರೆ ಅವನ ನಾಲಗೆ ನಿಜಕ್ಕೂ ಹರಿತವಾಗುತ್ತಿದ್ದುದು ಫೋನಿನ ಪರದೆಯ ವಿಷಯ ಬಂದಾಗ.

ಒಳ್ಳೆಯ ಆಪ್ ಒಳ್ಳೆಯ ಚಾಕುವಿನಂತಿರಬೇಕು ಎನ್ನುತ್ತಿದ್ದ. ಕೊಯ್ಯಬೇಕು, ಕೊಯ್ದಾದ ಮೇಲೆ ತೆಪ್ಪಗಿರಬೇಕು. ಈರುಳ್ಳಿ ಹೆಚ್ಚುವಾಗ ಚಾಕು ನಡುವೆ ತಲೆಯೆತ್ತಿ, ನಾನು ಹೇಗಿದ್ದೇನೆ, ಐದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರೆ ಯಾರದಾದರೂ ಬೆರಳು ಹೋಗದೆ ಇರುತ್ತದೆಯೇ? ದೊಡ್ಡ ಕಂಪನಿಗಳ ಬಗ್ಗೆಯಂತೂ ಕೇಳುವುದೇ ಬೇಡ. ಅವರು ಕಟ್ಟುವ ಮನೆಗೆ ಒಳಗೆ ಬರುವ ಬಾಗಿಲು ಆನೆ ನುಗ್ಗುವಷ್ಟು, ಹೊರಗೆ ಹೋಗುವ ಬಾಗಿಲು ಇಲಿಯ ಬಿಲ ಎನ್ನುತ್ತಿದ್ದ. ಹೇಳುವಾಗ ಅವನ ಕಿವಿ ಕೆಂಪಾಗುತ್ತಿತ್ತು.

ಕೆಂಪಾಗಲು ಕಾರಣವಿತ್ತು. ಅವನೇ ಐದು ವರ್ಷ ಅಂಥದೊಂದು ದೂರದೇಶದ ಕಂಪನಿಗೆ ಬಿಷ್ಕೆಕ್‌ನಲ್ಲೇ ಕೂತು ದುಡಿದಿದ್ದ. ಜಾಹೀರಾತು ಮುಚ್ಚುವ ಇಂಟು ಗುರುತು ಇರುತ್ತದಲ್ಲ, ಅದನ್ನು ಚಿಕ್ಕದು ಮಾಡುವುದು ಅವನ ಕೆಲಸ. ಮೊದಲ ವರ್ಷ ಹುರಿಗಡಲೆಯಷ್ಟಿದ್ದದ್ದು ಐದನೇ ವರ್ಷಕ್ಕೆ ಸಾಸಿವೆಯಾಯಿತು. ಒಂದು ರಜೆಗೆ ಕಾರಾ-ಬಾಲ್ತಾದ ತನ್ನ ತಾಯಿಯ ಮನೆಗೆ ಹೋದಾಗ, ನಲವತ್ತು ವರ್ಷ ಬೀಟ್‌ರೂಟ್ ಗದ್ದೆಯಲ್ಲಿ ದುಡಿದು ದಪ್ಪಗಾದ ಬೆರಳಿನಿಂದ ಅವಳು ಆ ಸಾಸಿವೆಯನ್ನು ಒತ್ತುತ್ತಿದ್ದಳು. ಪ್ರತಿ ಸಲವೂ ಗುರಿ ತಪ್ಪಿ ಜಾಹೀರಾತು ತೆರೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಅವಳು ಫೋನಿಗೆ, ತಪ್ಪಾಯ್ತಪ್ಪಾ, ಬೇಜಾರು ಮಾಡ್ಕೋಬೇಡ ಎನ್ನುತ್ತಿದ್ದಳು. ಜಮೀರ್ ಆ ವಾರವೇ ಕೆಲಸ ಬಿಟ್ಟ. ಆ ಗುರುತು ತನ್ನ ಕೈಯದು ಎಂದು ತಾಯಿಗೆ ಇಂದಿಗೂ ಹೇಳಿಲ್ಲ.

ಆಮೇಲೆ ಅವನು ಸೇರಿದ್ದು ಕುಬಾತ್ ಬಾಯ್ಕೆಯ ಸಣ್ಣ ಕಂಪನಿಗೆ. ಬಾಯ್ಕೆ ಎಂದರೆ ಅಣ್ಣ. ಕುಬಾತ್ ಗುಂಡಗಿದ್ದ, ಮೆತ್ತಗಿದ್ದ, ಹಿಂದೆ ಕಾರಿನ ಬಿಡಿಭಾಗ ಮಾರುತ್ತಿದ್ದ. ಅವರ ಆಪ್‌ನ ಹೆಸರು ‘ಚಿನಿ’, ಅಂದರೆ ಚಹಾ ಕುಡಿಯುವ ಹಿಡಿಯಿಲ್ಲದ ಪಿಂಗಾಣಿ ಬಟ್ಟಲು. ಮನೆಯಲ್ಲೇ ಅಡುಗೆ ಮಾಡುವ ಅರವತ್ತೆರಡು ಹೆಂಗಸರು ಅದರಲ್ಲಿದ್ದರು. ಪಕ್ಕದ ಮೆಟ್ಟಿಲಿನವರಿಗೆ ಸಮೋಸಾದಂಥ ಸಮ್ಸಾ ಬೇಕೆಂದರೆ, ಎದುರು ಕಟ್ಟಡದವರಿಗೆ ಹಬೆಯಲ್ಲಿ ಬೆಂದ ಕಡುಬಿನಂಥ ಮಾಂತಿ ಬೇಕೆಂದರೆ ಚಿನಿಯಲ್ಲಿ ಹೇಳಿದರಾಯಿತು, ಬಿಸಿಬಿಸಿ ಬರುತ್ತಿತ್ತು. ಆಫೀಸಿನಲ್ಲಿ ಹನ್ನೊಂದು ಜನ. ಎಲ್ಲರೂ ಜಮೀರನ ಅಭಿಪ್ರಾಯಗಳನ್ನು ಬಿಷ್ಕೆಕ್‌ನ ಚಳಿಗಾಲದ ಹೊಗೆಯಂತೆ ಸಹಿಸಿಕೊಂಡಿದ್ದರು.

ಹೀಗಿರಲು ಕುಬಾತ್ ಅಲ್ಮಾಟಿಗೆ ಹೋಗಿ ಎರಡು ದಿನದ ತರಬೇತಿ ಮುಗಿಸಿಕೊಂಡು ಬಂದ. ಅರೆಬರೆ ವಿದ್ಯೆಯ ಬಿಸಿ ಯಾವಾಗಲೂ ಜಾಸ್ತಿ. ಬಂದವನೇ ಎಲ್ಲರನ್ನೂ ಕೂರಿಸಿ, ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಬೇಕು ಎಂದ. ಪರದೆ ತೆರೆದೊಡನೆ ಮೂರು ಪ್ರಶ್ನೆ ಹಾರಿ ಬರಬೇಕು, ಮೂಲೆಯಲ್ಲಿ ಕೆಂಪು ಚುಕ್ಕಿ ಮಿನುಗಬೇಕು, ಯಾರಾದರೂ ಆಪ್ ಬಿಟ್ಟು ಹೋಗಲು ನೋಡಿದರೆ ಒಂದು ಸಮ್ಸಾ ಕಣ್ಣೀರು ಹಾಕುತ್ತ ಎದುರು ನಿಂತು, ‘ನನ್ನ ಬಿಟ್ಟು ಹೋಗ್ತೀಯಾ’ ಎಂದು ಕೇಳಬೇಕು. ಅಳುವ ಸಮ್ಸಾದ ಚಿತ್ರವನ್ನು ತಾನೇ ಬಿಳಿಹಲಗೆಯ ಮೇಲೆ ಬರೆದೂ ತೋರಿಸಿದ.

ಜಮೀರ್ ಎದ್ದು ನಿಂತ. ಮುಕ್ಕಾಲು ಗಂಟೆ ಕೂರಲಿಲ್ಲ. ಇದ್ದ ಪದಗಳನ್ನೂ ತೆಗೆದುಹಾಕಬೇಕು, ಒಂದೇ ಚಿತ್ರ ಸಾಕು, ಮಾತೇ ಬೇಡ, ಓದು ಬಾರದ ಅಜ್ಜಿಗೂ ನೋಡಿದೊಡನೆ ಅರ್ಥವಾಗಬೇಕು ಎಂದ. ಕುಬಾತ್‌ನ ಮೆತ್ತಗಿನ ಮುಖ ನಿಧಾನವಾಗಿ ಗಟ್ಟಿಯಾಯಿತು. ಸರಿ, ಒಂದು ತಿಂಗಳು ನಿನ್ನ ಮಾತಿಲ್ಲದ ಆಪನ್ನೇ ಓಡಿಸೋಣ ಎಂದ. ಆರ್ಡರುಗಳು ಹೆಚ್ಚಿದರೆ ಅಳುವ ಸಮ್ಸಾದ ಮಾತೇ ಇನ್ನೆತ್ತುವುದಿಲ್ಲ. ಕಡಿಮೆಯಾದರೆ ಅದರ ಕಣ್ಣೀರನ್ನು ಜಮೀರನೇ ತನ್ನ ಕೈಯಾರೆ ಬರೆಯಬೇಕು.

"ಅಷ್ಟೇ ಅಲ್ಲ," ಎಂದ ಕುಬಾತ್. "ಒಂದು ವರ್ಷ ಮೀಟಿಂಗಲ್ಲಿ ನೀನು ಬಾಯಿ ಬಿಡಬಾರದು. ಒಂದೇ ಒಂದು ಮಾತೂ ಆಡಬಾರದು."

ಮತ್ತೆ ಅಂಥ ಗುರುತೊಂದನ್ನು ಬರೆಯಬೇಕಾಗುತ್ತದೆ ಎಂಬ ಯೋಚನೆಯೇ ಜಮೀರನಿಗೆ ಬೇಡವಾಗಿತ್ತು. ಆದರೂ ಸೋಲುವ ಪ್ರಶ್ನೆಯೆಲ್ಲಿ? ಹನ್ನೊಂದು ಜನರೆದುರು ಕೈಕುಲುಕಿದ.

ನಾಲ್ಕು ದಿನದಲ್ಲಿ ಹೊಸ ಚಿನಿ ಸಿದ್ಧವಾಯಿತು. ನೋಡಲು ಚೆನ್ನಾಗಿಯೇ ಇತ್ತು. ಊಟಕ್ಕೆ ಹೇಳಿದೊಡನೆ ಪರದೆಯ ಮೇಲೆ ಒಂದು ಖಾಲಿ ಬಟ್ಟಲು. ಅಡುಗೆ ಆಗುತ್ತಿದ್ದಂತೆ ಅದರಲ್ಲಿ ಚಹಾ ಏರುತ್ತ ಹೋಗುತ್ತದೆ. ಬಾಗಿಲಿಗೆ ಊಟ ಬಂತೆಂದರೆ ಬಟ್ಟಲು ಕಂಠಮಟ್ಟ ತುಂಬಿ ಹಬೆಯಾಡುತ್ತದೆ. ದಿನಾ ತರಿಸುವ ನೆಚ್ಚಿನ ಗಿರಾಕಿಗಳಿಗೆ ಇನ್ನೂ ಒಂದು ಮರ್ಯಾದೆ: ಆಪ್ ತೆರೆದೊಡನೆ ಅಂಚಿನವರೆಗೆ ತುಂಬಿದ ದೊಡ್ಡ ಬಟ್ಟಲೊಂದು ಎದುರುಗೊಳ್ಳುತ್ತದೆ. ಒಂದಕ್ಷರವೂ ಇಲ್ಲ. ಜಮೀರ್ ಅದನ್ನು ಎಷ್ಟು ಸಲ ತೆರೆದು ಮುಚ್ಚಿದನೋ ಲೆಕ್ಕವಿಲ್ಲ, ಪ್ರತಿ ಸಲವೂ ಅವನಿಗೆ ತನ್ನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಮೊದಲ ವಾರ ಆರ್ಡರುಗಳು ಸ್ವಲ್ಪ ಇಳಿದವು. ಜನಕ್ಕೆ ಅಭ್ಯಾಸವಾಗಬೇಕಲ್ಲ ಎಂದ ಜಮೀರ್. ಎರಡನೇ ವಾರ ಇನ್ನಷ್ಟು ಇಳಿದವು. ಹಳೇ ಫೋನುಗಳಲ್ಲಿ ಬಣ್ಣ ಸರಿಯಾಗಿ ಮೂಡುತ್ತಿಲ್ಲ ಎಂದ. ಮೂರನೇ ವಾರ ನೆಚ್ಚಿನ ಗಿರಾಕಿಗಳೇ, ಅದರಲ್ಲೂ ವಯಸ್ಸಾದ ಹೆಂಗಸರೇ, ಒಬ್ಬೊಬ್ಬರಾಗಿ ಕಾಣೆಯಾದರು. ಅವರಿಗೆ ಫೋನು ಹಿಡಿಯಲಿಕ್ಕೇ ಬರುವುದಿಲ್ಲ ಎಂದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಳಸುವವರನ್ನು ದೂರುವವನು ಕಸುಬುದಾರನೇ ಅಲ್ಲ ಎಂದು ಆಫೀಸಿನಲ್ಲಿ ನೂರು ಸಲ ಸಾರಿದವನೂ ಇವನೇ.

ಕುಬಾತ್ ದಿನವೂ ಬೆಳಿಗ್ಗೆ ಬಂದು, ಬಿಳಿಹಲಗೆಯ ಸಮ್ಸಾಕ್ಕೆ ಒಂದೊಂದೇ ಹನಿ ಕಣ್ಣೀರು ಸೇರಿಸಿ ತನ್ನ ಕೋಣೆಗೆ ಹೋಗುತ್ತಿದ್ದ. ಹದಿನೆಂಟನೇ ದಿನಕ್ಕೆ ಸಮ್ಸಾ ಕೊಳದಲ್ಲಿ ನಿಂತಿತ್ತು.

ಇಪ್ಪತ್ತೈದನೇ ದಿನ ಜಮೀರ್ ಪಟ್ಟಿ ತೆಗೆದು ನೋಡಿದ. ಚಿನಿಯ ಅತ್ಯಂತ ನಿಷ್ಠೆಯ ಗಿರಾಕಿ ಸಾಯ್ರಾಕುಲ್ ಎಂಬಾಕೆ. ಆಸಾನ್‌ಬಾಯ್ ಬಡಾವಣೆಯಲ್ಲಿ ಮನೆ, ನಿವೃತ್ತ ಗಣಿತದ ಟೀಚರು. ಇನ್ನೂರ ಹನ್ನೊಂದು ಸಲ ಊಟ ತರಿಸಿದ್ದ ಅವರು ಹೊಸ ಆಪ್ ಬಂದ ನಾಲ್ಕನೇ ದಿನದಿಂದ ಒಂದು ತುಂಡು ರೊಟ್ಟಿಯನ್ನೂ ತರಿಸಿರಲಿಲ್ಲ. ಫೋನು ಸರಿಯಿದೆಯೇ ನೋಡಿಹೋಗುತ್ತೇನೆ ಎಂಬ ನೆಪ ಹೂಡಿ ಜಮೀರ್ ಅವರ ಮನೆಗೇ ಹೋದ.

ಟೀಚರಾಗಿದ್ದವರನ್ನು ವಯಸ್ಸೆಷ್ಟೇ ಆಗಿರಲಿ ‘ಎಜೆ’, ಅಕ್ಕಾ, ಎನ್ನುವುದೇ ರೂಢಿ. ಸಾಯ್ರಾಕುಲ್ ಎಜೆ ಫೋನು ತೋರಿಸುವ ಮೊದಲು ಮೇಜು ತುಂಬಿಸಿದರು. ಕರಿದ ಹಿಟ್ಟಿನ ಬೋರ್ಸೊಕ್, ಕೆನೆ, ಏಪ್ರಿಕಾಟ್ ಜಾಮು ಬಂದವು. ಬಟ್ಟಲಿನ ತಳಕ್ಕೆ ಒಂದು ಗುಟುಕು ಚಹಾ ಸುರಿದು ಕೊಟ್ಟರು. ಜಮೀರ್ ಕುಡಿದ, ಅವರು ಬಟ್ಟಲು ತೆಗೆದುಕೊಂಡು ಮತ್ತೆ ಸುರಿದರು. ಮತ್ತೆ ಕುಡಿದ, ಮತ್ತೆ ಸುರಿದರು. ಆಪ್ ವಿಷಯ ಎತ್ತಿದಾಗಲೆಲ್ಲ ಅವರು ಚೆನ್ನಾಗಿದೆ, ಚೆನ್ನಾಗಿದೆ ಎಂದು ಮಾತು ತೇಲಿಸಿ ಹವಾಮಾನದ ಕಡೆಗೆ ಹೋಗುತ್ತಿದ್ದರು. ಮರ್ಯಾದಸ್ಥರ ಮನೆಯಲ್ಲಿ ದೂರು ಹೊರಡಿಸುವುದು ಕಲ್ಲಿನಿಂದ ನಾರು ತೆಗೆದಂತೆ. ಒಂಬತ್ತನೇ ಸಲ ಅವರು ಬಟ್ಟಲಿಗೆ ಕೈಚಾಚಿದಾಗ ಜಮೀರನ ಕಸುಬಿನ ಬುದ್ಧಿ ಜಾಗೃತವಾಯಿತು. ಒಂದು ಕೆಲಸಕ್ಕೆ ಒಂಬತ್ತು ಹೆಜ್ಜೆ ಯಾಕೆ?

"ಎಜೆ, ಒಂದೇ ಸಲ ತುಂಬಿಸಿ ಕೊಟ್ಬಿಡಿ. ನಿಮಗೂ ಪದೇಪದೇ ಶ್ರಮ ತಪ್ಪುತ್ತೆ."

ಅವರ ಕೈ ಅಲ್ಲೇ ನಿಂತಿತು.

"ಆಗ್ಲೇ ಹೊರಟ್ಯಾ, ಮಗೂ? ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ಇಲ್ಲವೆಂದ ಜಮೀರ್. ಇನ್ನೂ ಕೂರುವುದಿದೆ, ಕೇಳುವುದಿದೆ ಎಂದ.

"ಮತ್ತೆ ತುಂಬಿಸು ಅಂತೀಯಲ್ಲ? ನಿಮ್ಮಮ್ಮ ಯಾವತ್ತಾದ್ರೂ ಬಂದೋರಿಗೆ ತುಂಬಿಸಿ ಕೊಟ್ಟಿದ್ದು ನೋಡಿದೀಯಾ? ಒಂದು ಗುಟುಕು ಹಾಕಿದ್ರೆ, ಕೂತ್ಕೋ, ಇನ್ನೊಂದು ಹಾಕೋಕೆ ನಾನಿದೀನಿ ಅಂತ. ತುಂಬಿಸಿ ಕೊಟ್ರೆ, ಕುಡಿದು ಎದ್ದು ಹೋಗು ಅಂತ." ಅವರು ಸೆರಗಿನಂಥ ಶಾಲನ್ನು ಸರಿಮಾಡಿಕೊಂಡರು. ಅಲ್ಲಿಯವರೆಗೆ ತಡೆದದ್ದು ಆಮೇಲೆ ನಿಲ್ಲಲಿಲ್ಲ. "ನಿಮ್ಮ ಆಪು ದಿನಾ ಬೆಳಿಗ್ಗೆ ನನಗೆ ತುಂಬಿದ ಬಟ್ಟಲು ಹಿಡೀತಿತ್ತು. ಮೊದಲ ದಿನ ಯಾರೋ ಕೈತಪ್ಪಿ ಬರೆದಿದಾರೆ ಅಂದ್ಕೊಂಡೆ. ಎರಡನೇ ದಿನಾನೂ ಅದೇ. ಮೂರನೇ ದಿನಾನೂ ಅದೇ. ನಾನೇನು ತಪ್ಪು ಮಾಡಿದೆ ಅಂತ ಕೂತು ಯೋಚಿಸಿದೆ, ಮಗೂ. ದಿನಾ ತರಿಸಿ ತರಿಸಿ ಬೇಜಾರಾಯ್ತೇನೋ ಇವರಿಗೆ. ಬೇಡ ಅಂದ ಮನೆಗೆ ಮತ್ತೆಮತ್ತೆ ಹೋಗೋಕಾಗುತ್ತಾ?"

ಜಮೀರ್ ಕೈಯಲ್ಲಿದ್ದ ಬೋರ್ಸೊಕನ್ನು ತಟ್ಟೆಗೆ ಮರಳಿಸಿದ. ಅವನಿಗೆ ಗೊತ್ತಿರಲಿಲ್ಲವೇ? ಹಾಲುಹಲ್ಲಿನ ಕಾಲದಿಂದ ಗೊತ್ತಿತ್ತು. ಮೂವತ್ತೆಂಟು ವರ್ಷ ಗುಟುಕು ಗುಟುಕಾಗಿ ಸುರಿದ ಚಹಾವನ್ನೇ ಕುಡಿದಿದ್ದ. ಆದರೆ ಒಂದು ಸಲವೂ ತಾನಾಗಿ ಸುರಿದಿರಲಿಲ್ಲ. ಆಫೀಸಿನಲ್ಲಿ ಬಟ್ಟಲನ್ನು ನೋಡಿ ತಲೆದೂಗಿದ ಗಂಡಸರಲ್ಲಿ ಒಬ್ಬನೂ ಸುರಿದಿರಲಿಲ್ಲ. ಸುರಿಯುತ್ತಿದ್ದವಳು ಒಬ್ಬಳೇ, ಲೆಕ್ಕಪತ್ರದ ಗುಲ್ಜಾತ್, ಅವಳನ್ನು ಯಾರೂ ಕೇಳಿರಲಿಲ್ಲ. ಇನ್ನು ತುಂಬಿದ್ದೆಲ್ಲ ಒಳ್ಳೆಯದು, ಕೆಲಸವಾಗುತ್ತ ಹೋದಂತೆ ಏನಾದರೂ ತುಂಬಿಕೊಳ್ಳುತ್ತ ಹೋಗಬೇಕು ಎಂಬ ಪಾಠವನ್ನು ಅವನ ಬೆರಳುಗಳು ಕಲಿತದ್ದೆಲ್ಲಿ? ಬೈದು ಬಿಟ್ಟುಬಂದ ಆ ದೊಡ್ಡ ಕಂಪನಿಯಲ್ಲೇ. ಬಾಯಲ್ಲಿ ಅವರನ್ನು ಶಪಿಸುತ್ತ, ಕೈಯಲ್ಲಿ ಅವರದೇ ಚಿತ್ರ ಬರೆದಿದ್ದ. ದೀಪದ ಬುಡದಲ್ಲೇ ಕತ್ತಲೆ. ಅವನಿಗೆ ಅಳು ಬರುವಷ್ಟು ನಾಚಿಕೆಯಾಯಿತು. ಇನ್ನೊಬ್ಬಳು ತಾಯಿ ತನ್ನ ದೆಸೆಯಿಂದ ತಾನೇನು ತಪ್ಪು ಮಾಡಿದೆನೋ ಎಂದು ಕೂತು ಯೋಚಿಸಿದ್ದಳಲ್ಲ.

"ಎಜೆ, ಆ ಬಟ್ಟಲು ಬರೆದೋನು ನಾನೇ," ಎಂದ. "ನಿಮ್ಮ ತಪ್ಪಲ್ಲ. ನಾನು ದಡ್ಡ."

ಸಾಯ್ರಾಕುಲ್ ಎಜೆ ಅವನನ್ನು ಕನ್ನಡಕದ ಮೇಲಿಂದ ನೋಡಿದರು. ಆಮೇಲೆ ಬಟ್ಟಲಿಗೆ ಒಂದು ಗುಟುಕು ಸುರಿದು, ದಡ್ಡರು ನನ್ನ ಕ್ಲಾಸಲ್ಲಿ ಬೇಕಾದಷ್ಟು ಜನ ಪಾಸಾಗಿದ್ದಾರೆ ಎಂದು ಅವನ ಮುಂದಿಟ್ಟರು.

ಅಂದೇ ಸಂಜೆಯೊಳಗೆ ಚಿನಿಯ ಬಟ್ಟಲಿನಲ್ಲಿ ಚಹಾ ಕಾಲುಭಾಗಕ್ಕಿಂತ ಮೇಲೇರದಂತಾಯಿತು. ಅದು ಬರಿದಾಗುತ್ತಿತ್ತು, ಮತ್ತೆ ಒಂದು ಗುಟುಕು ಬೀಳುತ್ತಿತ್ತು, ಮತ್ತೆ ಬರಿದಾಗುತ್ತಿತ್ತು. ಮರುದಿನ ಆಸಾನ್‌ಬಾಯ್‌ನಿಂದ ಎರಡು ಪ್ಲೇಟು ಮಾಂತಿಗೆ ಆರ್ಡರ್ ಬಂತು. ಅದರ ಮರುದಿನ ಅಜ್ಜಿಯರು ಹಿಂಡುಹಿಂಡಾಗಿ ಮರಳಿದರು. ಆದರೆ ಉಳಿದಿದ್ದುದು ಐದೇ ದಿನ. ತಿಂಗಳ ಕೊನೆಗೆ ಎಣಿಸಿದಾಗ ಹಿಂದಿನ ತಿಂಗಳಿಗಿಂತ ನಲವತ್ತಮೂರು ಆರ್ಡರು ಕಡಿಮೆಯಿದ್ದವು.

ಕುಬಾತ್‌ಗೆ ಕನಿಕರವಾಯಿತು. ಇರಲಿ ಬಿಡು ಎನ್ನಲು ಬಾಯಿ ತೆರೆದ. ಜಮೀರ್ ಅದಕ್ಕೆ ಅವಕಾಶ ಕೊಡಲಿಲ್ಲ. ಹನ್ನೊಂದು ಜನರೆದುರು ಕೊಟ್ಟ ಕೈ, ನಾನು ಸೋತೆ ಎಂದ. ಅದೇ ಅವನ ಕೊನೆಯ ಮಾತು.

ಆಫೀಸಿನಲ್ಲಿ ಹಬ್ಬವಾಗಬೇಕಿತ್ತು, ಆಗಲಿಲ್ಲ. ಮೀಟಿಂಗಿನಲ್ಲಿ ಯಾರಾದರೂ ಏನಾದರೂ ಹೇಳಿದರೆ ಎಲ್ಲರ ಕಣ್ಣೂ ಜಮೀರನ ಕಡೆ ತಿರುಗುತ್ತಿತ್ತು. ಅವನ ಬಾಯಿಗೆ ಬೀಗ, ಆದರೆ ಹುಬ್ಬು ಷರತ್ತಿನಲ್ಲಿ ಸೇರಿರಲಿಲ್ಲ. ಕೆಟ್ಟ ಸಲಹೆಗೆ ಎಡಹುಬ್ಬು ಏರುತ್ತಿತ್ತು, ತೀರಾ ಕೆಟ್ಟದ್ದಕ್ಕೆ ಎರಡೂ ಏರುತ್ತಿದ್ದವು. ಅವನು ಕೂಗಾಡುತ್ತಿದ್ದಾಗ ಇಲ್ಲದ ಭಯ ಈಗ ಎಲ್ಲರಿಗೂ ಹುಟ್ಟಿತು. ಜೊತೆಗೆ ಅಳುವ ಸಮ್ಸಾವನ್ನೂ ಬರೆಯುತ್ತಿದ್ದ, ವಾರಕ್ಕೆ ಎರಡು ಹನಿ ಕಣ್ಣೀರಿನ ಲೆಕ್ಕದಲ್ಲಿ. ಅವಸರ ಮಾಡಬೇಕೆಂದು ಷರತ್ತಿನಲ್ಲಿ ಎಲ್ಲಿತ್ತು? ಆದರೆ ಸಂಜೆ ಮನೆಗೆ ನಡೆಯುವಾಗ ಅವನಿಗೆ, ಮಾತೇ ಹೋದ ಮೇಲೆ ತಾನು ಬರೀ ಒಂದು ಜೊತೆ ಕೈ, ಅದೂ ತಪ್ಪು ಪಾಠ ಕಲಿತ ಕೈ ಎನಿಸುತ್ತಿತ್ತು.

ಮೌನದ ಮೊದಲ ತಿಂಗಳು ಮುಗಿಯುವ ವಾರ ದೊಡ್ಡ ಸುದ್ದಿ ಬಂತು. ನಲವತ್ತು ದೇಶಗಳಲ್ಲಿ ಊಟ ತಲುಪಿಸುವ ದೊಡ್ಡ ಕಂಪನಿಯೊಂದು ಚಿನಿಯನ್ನು ಕೊಳ್ಳಲು ಇಬ್ಬರನ್ನು ಕಳಿಸುತ್ತಿತ್ತು. ಕುಬಾತ್ ಹೊಸ ಕೋಟು ಹೊಲಿಸಿದ. ಜಮೀರನಿಗೆ ಅನ್ನ ಸೇರಲಿಲ್ಲ. ಚಿನಿ ಅವರ ಕೈಸೇರಿದರೆ ತನ್ನ ಮೌನ ಒಂದು ವರ್ಷದ್ದಲ್ಲ, ಕಾಯಂ ಎಂದು ಅವನಿಗೆ ಗೊತ್ತಿತ್ತು. ಅಲ್ಲಿ ಷರತ್ತಿಲ್ಲದೆಯೂ ಯಾರೂ ಕೇಳುವುದಿಲ್ಲ.

ಬಂದವರು ಇಬ್ಬರೂ ಎತ್ತರದ ಆಳುಗಳು, ಇಬ್ಬರ ಬೂಟೂ ಬೆಳ್ಳಗೆ. ಮಾತಾಡುವವನ ಹೆಸರು ಅರ್ಕಾದಿ, ಇನ್ನೊಬ್ಬ ಬರೆದುಕೊಳ್ಳುವವನು. ಮೇಜಿನ ಮೇಲೆ ಅರವತ್ತೆರಡು ಹೆಂಗಸರಲ್ಲಿ ಅತ್ಯುತ್ತಮರು ಮಾಡಿದ ತಿಂಡಿಗಳಿದ್ದವು. ಗುಲ್ಜಾತ್ ಕೆಟಲ್ ಹಿಡಿದು ಕುಳಿತಿದ್ದಳು. ಅರ್ಕಾದಿ ಒಳ್ಳೆಯ ಮನುಷ್ಯ, ಎಲ್ಲವನ್ನೂ ಹೊಗಳಿದ. ಸಮ್ಸಾ ಅದ್ಭುತ ಎಂದ, ಬೆಟ್ಟ ಅದ್ಭುತ ಎಂದ, ಕುಬಾತ್‌ನ ಕೋಟನ್ನೂ ಹೊಗಳಿದ. ಕುಬಾತ್ ಹಿಗ್ಗಿ ಹೀರೆಕಾಯಿಯಾದ. ಅಳುವ ಸಮ್ಸಾದ ಯೋಜನೆ ಕೇಳಿ ಅರ್ಕಾದಿ, ನಮ್ಮಲ್ಲೂ ಅಂಥದಿದೆ, ಆದರೆ ನಮ್ಮದು ನಾಯಿಮರಿ ಎಂದ. ಜಮೀರನ ಎರಡೂ ಹುಬ್ಬು ಕೂದಲಿನವರೆಗೆ ಹೋದವು. ಕುಬಾತ್ ಆ ಕಡೆ ನೋಡಲಿಲ್ಲ.

ಆಮೇಲೆ ಅರ್ಕಾದಿ ಫೋನಿನಲ್ಲಿ ಚಿನಿಯನ್ನು ತೆರೆದು ಹಿಡಿದ.

"ಒಂದು ಸಣ್ಣ ತಪ್ಪಿದೆ," ಎಂದ. "ನಿಮ್ಮ ಬಟ್ಟಲು ಮುಕ್ಕಾಲು ಖಾಲಿ ಇದೆ. ನೋಡಿದೋರಿಗೆ ಜಿಪುಣತನ ಅನ್ಸುತ್ತೆ. ನಲವತ್ತು ದೇಶದಲ್ಲಿ ಪರೀಕ್ಷೆ ಮಾಡಿ ನೋಡಿದೀವಿ, ತುಂಬಿದ್ದನ್ನ ಕಂಡ್ರೆ ಜನಕ್ಕೆ ಖುಷಿ. ನಾವು ತಗೊಂಡ ಮೊದಲ ದಿನ ಮಾಡೋ ಕೆಲ್ಸ ಅದೇ, ಬಟ್ಟಲು ತುಂಬಿಸೋದು."

ಕುಬಾತ್ ಹೊಸ ಕೋಟಿನ ಗುಂಡಿ ಮುಟ್ಟಿಕೊಂಡ. ಎಲ್ಲರೂ ಜಮೀರನನ್ನು ನೋಡಿದರು. ಅವನೊಳಗೆ ಒಂದು ತಿಂಗಳ ಮಾತು ಸೇರಿಕೊಂಡಿತ್ತು. ಆದರೆ ಕೊಟ್ಟ ಕೈ ಕೊಟ್ಟ ಕೈಯೇ. ಅವನು ಎದ್ದು ಗುಲ್ಜಾತ್‌ಳ ಕೈಯಿಂದ ಕೆಟಲ್ ತೆಗೆದುಕೊಂಡ. ಅರ್ಕಾದಿಯ ಪಕ್ಕಕ್ಕೆ ಹೋಗಿ, ಎರಡೂ ಕೈಯಲ್ಲಿ ಹಿಡಿದು, ಬಹಳ ಮರ್ಯಾದೆಯಿಂದ ಅವನ ಬಟ್ಟಲಿಗೆ ಸುರಿಯತೊಡಗಿದ. ಚಹಾ ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು, ಅಂಚಿಗೆ ಬಂತು. ಕೊನೆಗೊಂದು ಹನಿ ಮೇಜುಬಟ್ಟೆಯ ಮೇಲೂ ಬಿತ್ತು.

ಗುಲ್ಜಾತ್ ಬಾಯಿಗೆ ಕೈ ಅಡ್ಡ ಹಿಡಿದಳು. ಅರ್ಕಾದಿಯ ಮುಖ ಅರಳಿತು. ನೋಡಿ, ನಾನು ಹೇಳಿದ್ದು ಇದನ್ನೇ, ಇವರಿಗೆ ಎಷ್ಟು ಬೇಗ ಅರ್ಥವಾಯಿತು ಎಂದು ಜೊತೆಗಾರನಿಗೆ ಹೇಳಿದ. ಜೊತೆಗಾರ ಅದನ್ನು ಬರೆದುಕೊಂಡ.

ಕುಬಾತ್ ಆ ಬಟ್ಟಲನ್ನು ನೋಡಿದ. ಕಳೆದ ತಿಂಗಳು ಒಬ್ಬೊಬ್ಬರಾಗಿ ಎದ್ದುಹೋದ ಅಜ್ಜಿಯರೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಜಮೀರನ ಕೈಯಿಂದ ಕೆಟಲ್ ತೆಗೆದುಕೊಂಡ. ಹುಟ್ಟಿದಾರಭ್ಯ ಕೆಟಲ್ ಮುಟ್ಟದ ಕೈ, ಅವನ ಹೆಂಡತಿ ಕಂಡಿದ್ದರೆ ನಂಬುತ್ತಿರಲಿಲ್ಲ. ಮೇಜು ಸುತ್ತಿ ಬಂದು ಬರೆದುಕೊಳ್ಳುವವನ ಬಟ್ಟಲನ್ನು ತಾನೇ ಅಂಚಿನವರೆಗೆ ತುಂಬಿಸಿದ. ಆಮೇಲೆ ತನ್ನ ಜಾಗಕ್ಕೆ ಹೋಗದೆ ಜಮೀರನ ಪಕ್ಕದ ಕುರ್ಚಿಯಲ್ಲಿ ಕೂತು, ಅವನ ಬಟ್ಟಲನ್ನು ಹತ್ತಿರಕ್ಕೆಳೆದು ಒಂದೇ ಒಂದು ಗುಟುಕು ಸುರಿದ.

"ಮಾತಾಡೋ ಮಾರಾಯ," ಎಂದ. "ಇನ್ನು ಹನ್ನೊಂದು ತಿಂಗಳು ನಿನ್ನ ಹುಬ್ಬು ನೋಡ್ತಾ ಕೂರೋಕೆ ನನ್ನ ಕೈಲಾಗಲ್ಲ."

ಜಮೀರ್ ಆ ಗುಟುಕನ್ನು ಕುಡಿದು ಬಟ್ಟಲು ಕೆಳಗಿಟ್ಟ. ಮೊದಲು ನಾಯಿಮರಿಯ ವಿಷಯಕ್ಕೆ ಬರುತ್ತೇನೆ ಎಂದು ಶುರುಮಾಡಿದ. ಹಿಡಿಯಿಲ್ಲದ ಬಟ್ಟಲಿಗೆ ಅಂಚಿನವರೆಗೆ ಬಿಸಿ ಚಹಾ ತುಂಬಿದರೆ ಅದನ್ನು ಎತ್ತಲು ಬರುವುದಿಲ್ಲ, ಬೆರಳು ಸುಡುತ್ತದೆ. ಅತಿಥಿಗಳಿಬ್ಬರೂ ಅದು ಆರುವುದನ್ನು ಕಾಯುತ್ತ, ಬೇರೆ ದಾರಿಯಿಲ್ಲದೆ ಅವನ ಮಾತು ಕೇಳಿದರು. ಅವನು ಒಂದೂವರೆ ಗಂಟೆ ಮಾತಾಡಿದ. ಅಷ್ಟು ಹೊತ್ತೂ ಕುಬಾತ್ ಅವನ ಬಟ್ಟಲು ಬರಿದಾಗಲು ಬಿಡಲಿಲ್ಲ, ಒಂದು ಗುಟುಕಿಗಿಂತ ಹೆಚ್ಚು ಸುರಿಯಲೂ ಇಲ್ಲ.